ಶಾಂತಿ ಹನಿ

ಪೆನಿಕ್ ಬಂದರಿನಲ್ಲಿ ಯಾರ ಮನೆಯ ಮಗುವಿಗೆ ಮೈ ಬಿಸಿಯಾದರೂ ಮೊದಲು ಹೇಳಿಕಳಿಸುತ್ತಿದ್ದದ್ದು ಜೆರೂಷಾ ಕೋಲ್ಬಿಗೆ. ಡಾಕ್ಟರು ಇರಲಿಲ್ಲವೆಂದಲ್ಲ. ಹನ್ನೆರಡು ಮೈಲಿ ಆಚೆ ಒಬ್ಬನಿದ್ದ. ಕುದುರೆ ಏರಿ ಬರುತ್ತಿದ್ದ, ಬಂದವನೇ ತೋಳಿಗೆ ಪಟ್ಟಿ ಕಟ್ಟಿ ಒಂದು ಬಟ್ಟಲು ರಕ್ತ ಇಳಿಸುತ್ತಿದ್ದ, ಮೇಲೊಂದು ಪಾದರಸದ ಪುಡಿ ಕೊಟ್ಟು ಹೋಗುತ್ತಿದ್ದ. ಅವನನ್ನು ಕರೆಸುವ ಹೊತ್ತಿಗೆ ಮನೆಯವರು ಬಡಗಿಯ ಕಿವಿಗೂ ಶವಪೆಟ್ಟಿಗೆಯ ಮಾತೊಂದು ಹಾಕಿರುತ್ತಿದ್ದರು. ಜೆರೂಷಾ ಹಾಗಲ್ಲ. ಅವಳು ಬಂದರೆ ಒಲೆಯ ಮೇಲೆ ನೀರು ಏರುತ್ತಿತ್ತು, ಎದೆ ಕಟ್ಟಿದ ಮಗುವಿಗೆ ಹೆಬ್ಬಾತಿನ ಕೊಬ್ಬು ತಿಕ್ಕುತ್ತಿದ್ದಳು, ಕಿವಿನೋವಿಗೆ ಸುಟ್ಟ ಈರುಳ್ಳಿಯ ತಿರುಳು ಇಡುತ್ತಿದ್ದಳು, ಹಿಮ ಕರಗುವ ತಿಂಗಳಲ್ಲಿ ಊರಿನ ಮಕ್ಕಳೆಲ್ಲರ ಬಾಯಿಗೂ ಗಂಧಕ ಬೆರೆಸಿದ ಕಾಕಂಬಿ ತುರುಕುತ್ತಿದ್ದಳು. ವಾಸಿಯಾದರೆ ದೇವರ ದಯೆ ಎನ್ನುತ್ತಿದ್ದಳು. ಆಗದಿದ್ದರೆ ಮಣ್ಣಾಗುವವರೆಗೂ ಆ ಮನೆಯಲ್ಲೇ ಇದ್ದು ಪಾತ್ರೆ ತೊಳೆಯುತ್ತಿದ್ದಳು. ಊರಿಗೆಲ್ಲ ಅವಳು ಜೆರೂಷಾ ಅತ್ತೆ.

ಎತ್ತರದ ಹೆಂಗಸು. ನೀರು ಹೊತ್ತು ಹೊತ್ತು ಎಡ ಭುಜ ಬಲಕ್ಕಿಂತ ತಗ್ಗಿತ್ತು. ಅವಳ ಕಾಲದ ಹೆಣ್ಣುಮಕ್ಕಳಿಗೆ ಬೈಬಲ್ ಓದುವಷ್ಟು ಅಕ್ಷರ ಕಲಿಸಿ ಬಿಡುತ್ತಿದ್ದರು. ಬರೆಯುವುದು ಗಂಡುಮಕ್ಕಳ ಪಾಲು. ಆದ್ದರಿಂದ ಅಚ್ಚಾದದ್ದನ್ನು ಅವಳು ಬೆರಳಿಟ್ಟು ಓದಬಲ್ಲಳು, ತನ್ನ ಹೆಸರನ್ನು ಬರೆಯಲು ಮಾತ್ರ ಬಾರದು. ಮದ್ದುಗಳೆಲ್ಲ ತಾಯಿಯ ಬಾಯಿಂದ ಬಂದು ಇವಳ ತಲೆಯಲ್ಲಿ ಕೂತಿದ್ದವು.

೧೭೩೬ರ ಚಳಿಗಾಲದಲ್ಲಿ ಗಂಟಲು ರೋಗ ಆ ಕಡಲತೀರವನ್ನೆಲ್ಲ ಗುಡಿಸಿಕೊಂಡು ಹೋಯಿತು. ಜೆರೂಷಾಳ ಇಬ್ಬರು ಗಂಡುಮಕ್ಕಳು, ಜೇಬೆಜ್ ಮತ್ತು ಓಬೆಡ್, ಐದು ದಿನಗಳ ಅಂತರದಲ್ಲಿ ಉಸಿರು ಕಟ್ಟಿ ಹೋದರು. ತೊಟ್ಟಿಲಲ್ಲಿದ್ದ ಲೋಯಿಸ್ ಉಳಿದಳು. ಗೊತ್ತಿದ್ದ ಮದ್ದನ್ನೆಲ್ಲ ಮಾಡಿ ಮುಗಿಸಿ, ಗೊತ್ತಿಲ್ಲದ್ದನ್ನೂ ಮಾಡಿ, ಕೊನೆಗೆ ಚಿಕ್ಕವನ ಬಾಯಿಗೆ ಊದುತ್ತ ಕೂತಿದ್ದಳಂತೆ. ಆಮೇಲೆ ನಾಲ್ಕು ವರ್ಷಕ್ಕೆ ಗಂಡನ ದೋಣಿಯೂ ಮೀನುಗಾರಿಕೆಗೆ ಹೋದದ್ದು ಮರಳಿ ಬರಲಿಲ್ಲ. ಆ ದುಃಖವನ್ನು ಅವಳು ಬಾಯಿಬಿಟ್ಟು ಹೇಳಿಕೊಳ್ಳಬಲ್ಲಳು. ಮಕ್ಕಳ ಮಾತು ಬಂದರೆ ಎದ್ದು ಹೋಗುತ್ತಿದ್ದಳು. ಎಲ್ಲೋ ಒಂದು ಮದ್ದಿತ್ತು, ಅದು ತನಗೆ ತಿಳಿದಿರಲಿಲ್ಲ ಎಂಬ ಮುಳ್ಳು ಒಳಗೇ ಉಳಿದುಕೊಂಡಿತ್ತು.

ಎಲ್ನೇಥನ್ ವಿಕರಿ ಆ ಊರಿಗೆ ಬಂದದ್ದು ಐವತ್ತೆರಡರ ವಸಂತದಲ್ಲಿ. ಬಾಸ್ಟನ್‌ನಿಂದ ಒಂದು ಹಳೆಯ ಅಚ್ಚಿನ ಯಂತ್ರ, ಮೂರು ಪೆಟ್ಟಿಗೆ ಅಕ್ಷರ, ಒಂದು ನಗುಮುಖ, ಇಷ್ಟನ್ನು ಹಡಗಿನಿಂದ ಇಳಿಸಿಕೊಂಡು ಹಡಗು ನಿಲ್ಲುವ ಹಲಗೆಕಟ್ಟೆಯ ಎದುರಿಗೆ ಅಂಗಡಿ ತೆರೆದ. ಅಚ್ಚಿನವರು ಬರೀ ಕಾಗದ ಮಾರಿ ಬದುಕುವುದು ಎಲ್ಲೂ ಇಲ್ಲ. ಅವನ ಅಂಗಡಿಯಲ್ಲೂ ಸೂಜಿ, ಚಹಾ, ಕನ್ನಡಕ, ಮೇಲಿನ ಹಲಗೆಯ ಮೇಲೆ ಲಂಡನ್ನಿನ ಔಷಧದ ಸಣ್ಣ ಬಾಟಲಿಗಳ ಸಾಲು. ಒಂದು ದಿನ ಜೆರೂಷಾ ಅಂಗಡಿಯ ಹಿತ್ತಲ ಕಡೆಯಿಂದ ಬಂದಾಗ ಕೆಲಸದವಳೊಬ್ಬಳು ಅಂಥವೇ ಖಾಲಿ ಬಾಟಲಿಗಳನ್ನು ಮರಳು ಹಾಕಿ ತೊಳೆಯುತ್ತಿದ್ದಳು.

"ಲಂಡನ್ನಿನ ಔಷಧ ನಿಮ್ಮ ಹಿತ್ತಲಲ್ಲೇ ಹುಟ್ಟುತ್ತಲ್ಲ ವಿಕರಿ," ಎಂದಳು ಜೆರೂಷಾ.

"ಬಾಟ್ಲಿ ಲಂಡನ್ನಿಂದಾನೇ ಬಂದಿದ್ದು ಅಮ್ಮ. ನಾನು ಸುಳ್ಳು ಹೇಳಿಲ್ಲ," ಎಂದು ವಿಕರಿ ನಕ್ಕ.

ಜೆರೂಷಾಳೂ ನಕ್ಕಳು. ಆ ನಗುವಿಗಾಗಿ ಮುಂದೆ ತನ್ನನ್ನು ಎಷ್ಟೋ ಸಲ ಶಪಿಸಿಕೊಂಡಳು.

ವಿಕರಿ ವರ್ಷಕ್ಕೊಂದು ಪಂಚಾಂಗ ಅಚ್ಚು ಹಾಕುತ್ತಿದ್ದ. ಕಡಲಿನ ಉಬ್ಬರ ಇಳಿತದ ಹೊತ್ತು, ಅಮಾವಾಸ್ಯೆ ಹುಣ್ಣಿಮೆ, ಹಿಮ ಬೀಳುವ ವಾರ, ಎಲ್ಲ ಅದರಲ್ಲಿ. ಪ್ರತಿ ಮನೆಯ ಒಲೆಯ ಪಕ್ಕದ ಮೊಳೆಗೆ ದಾರ ಕಟ್ಟಿ ಅದನ್ನು ತೂಗುಹಾಕುತ್ತಿದ್ದರು. ಎರಡನೆಯ ವರ್ಷ ಅವನು ಜೆರೂಷಾಳ ಮನೆಗೇ ಬಂದ, ಟೋಪಿ ಕಂಕುಳಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತ.

"ಅಮ್ಮ, ನಿಮ್ಮ ತಲೇಲಿರೋದೆಲ್ಲ ನಿಮ್ಮ ಜೊತೇಲೇ ಮಣ್ಣಿಗೆ ಹೋಗ್ಬೇಕಾ? ಹೇಳ್ತಾ ಹೋಗಿ, ನಾನು ಬರ್ಕೋತೀನಿ. ಒಂದು ಪುಟ ನಿಮ್ದೇ ಇರ್ಲಿ."

"ನನ್ ಮಾತು ಯಾರು ಓದ್ತಾರಪ್ಪ?"

"ಕಾಡಂಚಲ್ಲಿ ಒಂಟಿ ಮನೆ. ಮಗೂಗೆ ಉಸಿರು ಹತ್ತಲ್ಲ. ಆ ತಾಯಿ ಓದ್ತಾಳೆ." ಮೆಲ್ಲಗೆ ಸೇರಿಸಿದ. "ಮೂವತ್ತಾರರಲ್ಲಿ ಯಾರಾದ್ರೂ ಇಂಥದ್ದೊಂದು ಅಚ್ಚು ಹಾಕಿದ್ದಿದ್ರೆ, ಅಂತ ನಿಮಗೆ ಯಾವತ್ತೂ ಅನ್ನಿಸಿಲ್ವಾ?"

ಆ ಒಂದು ಮಾತು ಸಾಕಾಯಿತು. ಜೆರೂಷಾ ಮೂರು ಮಧ್ಯಾಹ್ನ ಕೂತು ಹೇಳಿದಳು, ಯಾರಿಗೂ ಹೇಳದ ಮಕ್ಕಳ ಸಾವನ್ನೂ ಹೇಳಿದಳು, ವಿಕರಿ ಬರೆದುಕೊಂಡ. ಪುಟ ಅಚ್ಚಾಗಿ ಬಂದಾಗ ಮೇಲೊಂದು ಚಿತ್ರವೂ ಇತ್ತು, ಕುಲಾವಿ ತೊಟ್ಟ ಒಬ್ಬ ಹೆಂಗಸಿನ ಮುಖ. ಅದು ಅವನ ಹಳೆಯ ಮರದಚ್ಚು; ಹಿಂದೆ ಯಾವುದೋ ರಾಣಿ ತೀರಿಕೊಂಡ ಸುದ್ದಿಗೆ ಬಳಸಿದ್ದು, ಕಿರೀಟವನ್ನು ಕೆತ್ತಿ ಕುಲಾವಿ ಮಾಡಿದ್ದ.

"ಮೂಗು ನಂದಲ್ಲ," ಎಂದಳು ಜೆರೂಷಾ. ಆದರೂ ಆ ಹಾಳೆಯನ್ನು ಬೈಬಲಿನೊಳಗೆ ಇಟ್ಟುಕೊಂಡಳು.

ಹಲಗೆಕಟ್ಟೆಯಲ್ಲಿ ಮೀನು ಸೀಳುತ್ತಿದ್ದವರಿಗೆ ತಮಾಷೆಗೊಂದು ವಿಷಯ ಸಿಕ್ಕಿತು. "ಅತ್ತೇ, ಮುಂದಿನ ವರ್ಷ ನನ್ ಹೆಂಡ್ತಿ ಬಾಯಿಗೊಂದು ಮದ್ದು ಬರೆಸ್ರಿ," ಎಂದು ಒಬ್ಬ ಕೂಗಿದರೆ, "ನಿನ್ ಕಿವಿಗೆ ಬೇಕು ಅಂತ ಅವಳು ಮೊದಲೇ ಹೇಳಿದ್ದಾಳೆ ಕಣೋ. ಸರದಿ ಅವಳದು," ಎಂದು ಅತ್ತೆ ಬುಟ್ಟಿ ಬೀಸಿಕೊಂಡು ಮುಂದೆ ಹೋಗುತ್ತಿದ್ದಳು. ಅವು ಒಳ್ಳೆಯ ದಿನಗಳು. ಎರಡು ವರ್ಷ ಹಾಗೇ ನಡೆಯಿತು.

ಫ್ರೆಂಚರ ಮೇಲೆ ಯುದ್ಧ ಶುರುವಾಗಿ ಲಂಡನ್ನಿನ ಹಡಗುಗಳು ಬರುವುದು ಕಡಿಮೆಯಾಯಿತು. ವಿಕರಿಯ ಮೇಲಿನ ಹಲಗೆ ಬರಿದಾಯಿತು. ಆಗ ಅವನು ಜೆರೂಷಾಳ ಮದ್ದುಗಳಲ್ಲಿ ಒಂದನ್ನು ಆರಿಸಿಕೊಂಡ. ದವಡೆ ಹಲ್ಲು ಬರುವ ಕೂಸುಗಳಿಗೆ ಅವಳು ಮಾಡಿಕೊಡುತ್ತಿದ್ದ ಪಾಕ ಅದು: ಸಬ್ಬಸಿಗೆ ಬೀಜ, ಸೋಂಪು, ಕಾಕಂಬಿ, ಒಂದು ದೊಡ್ಡ ಮಡಕೆಗೆ ಹಿತ್ತಲ ಗಸಗಸೆ ಗಿಡದ ಎರಡೇ ಎರಡು ಒಣ ಕಾಯಿ. ವರ್ಷ ತುಂಬದ ಕೂಸಿಗೆ ಕೊಡಬಾರದು. ತುಂಬಿದ್ದಕ್ಕೂ ದಿನಕ್ಕೊಂದು ಸಲ, ಅರ್ಧ ಚಮಚ. ಇದಿಷ್ಟನ್ನೂ ಅವಳು ಒತ್ತಿ ಒತ್ತಿ ಹೇಳಿ ಬರೆಸಿದಳು. ತೊಳೆದ ಬಾಟಲಿಗಳಲ್ಲಿ ಪಾಕ ತುಂಬಿತು, ಸುತ್ತುಕಾಗದದ ಮೇಲೆ ಕುಲಾವಿಯ ಮುಖ ಬಂತು, ಕೆಳಗೆ ಹೆಸರು: ಜೆರೂಷಾ ಅತ್ತೆಯ ಶಾಂತಿ ಹನಿ. ಮೊದಲ ಮಡಕೆಯನ್ನು ಅವಳೇ ಕುದಿಸಿಕೊಟ್ಟಳು. ಎರಡನೆಯದಕ್ಕೆ ಅವಳನ್ನು ಕರೆಯಲಿಲ್ಲ. "ನಿಮಗ್ಯಾಕೆ ಈ ವಯಸ್ಸಲ್ಲಿ ಸೌದೆ ಹೊಗೆ," ಎಂದ ವಿಕರಿ.

ಆ ಚಳಿಗಾಲ ಊರು ತಣ್ಣಗಾಯಿತು. ಬದಲಾವಣೆ ಜೆರೂಷಾಳ ಗಮನಕ್ಕೆ ಬಂದದ್ದು ಒಂದು ಭಾನುವಾರ, ಪ್ರಾರ್ಥನಾ ಮಂದಿರದಲ್ಲಿ. ಪಾದ್ರಿ ಕ್ರೇನ್ ಅವರ ಉಪದೇಶ ಎರಡು ಗಂಟೆಗಿಂತ ಕಡಿಮೆಯಾದದ್ದಿಲ್ಲ. ಮೊದಲೆಲ್ಲ ಅಷ್ಟರಲ್ಲಿ ಹತ್ತು ಕೂಸುಗಳು ಅಳುತ್ತಿದ್ದವು, ತಾಯಂದಿರು ಎದ್ದು ಹೊರಗೆ ಓಡಾಡುತ್ತಿದ್ದರು, ಪಾದ್ರಿ ಗಂಟಲು ಏರಿಸುತ್ತಿದ್ದರು. ಆ ದಿನ ಒಂದು ಕೂಸೂ ಅಳಲಿಲ್ಲ. ಮಡಿಲು ಮಡಿಲಿನಲ್ಲೂ ಬಟ್ಟೆ ಸುತ್ತಿದ ಗಂಟುಗಳು ಅಲ್ಲಾಡದೆ ಬಿದ್ದಿದ್ದವು. ಅಷ್ಟು ದೊಡ್ಡ ಮಂದಿರದಲ್ಲಿ ಪಾದ್ರಿಯ ದನಿ, ಹೊರಗೆ ಗಾಳಿ, ಅಷ್ಟೇ. ಉಳಿದವರು ಅದನ್ನು ಭಾಗ್ಯ ಎಂದುಕೊಂಡರು. ಜೆರೂಷಾ ಆ ಗಂಟುಗಳನ್ನು ಒಂದೊಂದಾಗಿ ನೋಡಿದಳು. ಅಷ್ಟು ಮಕ್ಕಳು ಒಟ್ಟಿಗೆ ಸುಮ್ಮನಿದ್ದದ್ದನ್ನು ಅವಳು ಗಂಟಲು ರೋಗದ ವರ್ಷ ಬಿಟ್ಟರೆ ಕಂಡಿರಲಿಲ್ಲ.

ಮರುದಿನ ಪೀಪಾಯಿ ಮಾಡುವ ಡನ್ ಮನೆಗೆ ಹೋದಳು. ಅವನ ಹೆಂಡತಿ ಪೇಷನ್ಸ್ ರಾಟೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಪಕ್ಕದ ತೊಟ್ಟಿಲಲ್ಲಿ ಅವಳ ಆರನೆಯದು, ಐದು ತಿಂಗಳ ಆಸಾ.

"ಎಷ್ಟು ಹೊತ್ತಿಂದ ಮಲಗಿದಾನೆ ಇವನು?"

"ಬೆಳಿಗ್ಗೆ ಒಂದ್ಸಲ ಕಣ್ಣು ಬಿಟ್ಟಿದ್ದ ಅತ್ತೆ. ಪುಣ್ಯಾತ್ಗಿತ್ತಿ ನೀವು. ಐದು ಹೆತ್ತು ನಿದ್ದೆ ಅಂದ್ರೇನು ಅಂತ ಗೊತ್ತಿರ್ಲಿಲ್ಲ, ಇವನಲ್ಲಿ ಕಂಡೆ."

"ಹಾಲಿಗೆ ಹಟ ಮಾಡ್ತಾನಾ?"

"ಕೇಳೋದೇ ಇಲ್ಲ. ನಾನೇ ಎಬ್ಬಿಸಿ ಕುಡಿಸ್ಬೇಕು. ಒಳ್ಳೇ ಮಗು."

ಜೆರೂಷಾ ಕೂಸನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೈಯಲ್ಲಿ ತೂಕವೇ ಇಲ್ಲ. ಚರ್ಮ ಮೇಣದ ಬಣ್ಣಕ್ಕೆ ತಿರುಗಿ ಕತ್ತಿನಲ್ಲಿ ಮುದುಕರಂತೆ ಮಡಿಕೆ ಬಿದ್ದಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿಗಿಂತ ಚಿಕ್ಕದು.

"ಎಷ್ಟು ಹಾಕ್ತಿದ್ದೀಯೆ ಇವನಿಗೆ?"

"ನೀವು ಹೇಳಿದಷ್ಟೇ. ಹತ್ತು ಹನಿ. ಮತ್ತೆ ಅತ್ರೆ ಇನ್ನೂ ಐದು."

"ನಾನೆಲ್ಲಿ ಹೇಳಿದೆ? ವರ್ಷ ತುಂಬದ ಕೂಸಿಗೆ ಮುಟ್ಟಿಸ್ಬಾರ್ದು ಅಂತ ಹೇಳಿದ್ದು ನಾನು."

ಪೇಷನ್ಸ್ ರಾಟೆ ನಿಲ್ಲಿಸಿ ಮೊಳೆಯಿಂದ ಹೊಸ ವರ್ಷದ ಪಂಚಾಂಗ ತೆಗೆದು ಕೊಟ್ಟಳು. ಅದು ಜೆರೂಷಾಳ ಕೈಗೆ ಇನ್ನೂ ಬಂದಿರಲಿಲ್ಲ. ಜೆರೂಷಾ ಬೆರಳಿಟ್ಟು ಓದಿದಳು. ಹುಟ್ಟಿದ ದಿನದಿಂದಲೇ ಕೊಡಬಹುದು ಎಂದಿತ್ತು. ಎಳೆಯ ಕೂಸಿಗೆ ತಾಯಿಯ ಹಾಲಿನಷ್ಟೇ ಹಿತ ಎಂದಿತ್ತು. ಅಳು ನಿಲ್ಲುವವರೆಗೆ ಐದೈದು ಹನಿ ಹೆಚ್ಚಿಸಬಹುದು ಎಂದಿತ್ತು. ಕೆಳಗೆ, ನಲವತ್ತು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ, ಜೆರೂಷಾ ಕೋಲ್ಬಿ.

"ಇದು ನನ್ ಮಾತಲ್ಲ ಕಣೆ. ನಿಲ್ಸು. ಇವತ್ತೇ ನಿಲ್ಸು."

"ನಿಮ್ ಹೆಸ್ರಿದೆ, ನಿಮ್ ಮುಖ ಇದೆ," ಎಂದಳು ಪೇಷನ್ಸ್, ಮುಖ ಸಣ್ಣದು ಮಾಡಿಕೊಂಡು. "ಅಚ್ಚಾಗಿರೋದು ಸುಳ್ಳು ಅಂದ್ರೆ ನಾವು ಯಾವುದನ್ನ ನಂಬೋಣ ಅತ್ತೆ? ನಿಮಗೆ ವಯಸ್ಸಾಯ್ತು, ಹೇಳಿದ್ದು ಮರ್ತಿರ್ತೀರಿ."

ಪೇಷನ್ಸ್ ನಿಲ್ಲಿಸಿದಳೋ ಇಲ್ಲವೋ ತಿಳಿಯದು. ಗುರುವಾರ ಆಸಾ ತೀರಿಕೊಂಡ. ಜೆರೂಷಾ ಹೋಗಿ ಆ ಸಣ್ಣ ಮೈಯನ್ನು ತೊಳೆದು ಬಟ್ಟೆ ಸುತ್ತಿದಳು. ಬೈಗುಳ ಬರುತ್ತದೆಂದು ಕಾದಿದ್ದಳು. ಪೇಷನ್ಸ್ ಅವಳ ಕೈ ಹಿಡಿದುಕೊಂಡು, "ಒಂಚೂರೂ ಅಳಲಿಲ್ಲ ಅತ್ತೆ. ಎಷ್ಟು ನೆಮ್ಮದಿಯಾಗಿ ಹೋದ. ನಿಮ್ಮಿಂದ ಅಷ್ಟಾದ್ರೂ ಆಯ್ತು," ಎಂದಳು.

ಜೆರೂಷಾ ಅಲ್ಲಿಂದ ನೇರ ವಿಕರಿಯ ಅಂಗಡಿಗೆ ನಡೆದಳು. ಒಳಕೋಣೆಯಲ್ಲಿ ಮಡಕೆ ಇರಲಿಲ್ಲ, ಒಲೆಯೂ ಇರಲಿಲ್ಲ. ಒಂದು ರಮ್ ಪೀಪಾಯಿ, ಅದಕ್ಕೊಂದು ನಲ್ಲಿ. ಅದರ ಕೆಳಗೆ ಬೆರಳೊಡ್ಡಿ ನಾಲಿಗೆಗೆ ಇಟ್ಟುಕೊಂಡಳು. ಕಾಕಂಬಿಯ ಸಿಹಿ ಹೋದ ಮೇಲೆ ಒಂದು ಕಹಿ ಉಳಿಯಿತು, ನಾಲಿಗೆ ಜುಮ್ಮೆಂದಿತು. ಸಬ್ಬಸಿಗೆಯ ವಾಸನೆಯೇ ಇಲ್ಲ.

"ಅಫೀಮು," ಎಂದಳು.

"ಗಸಗಸೆ ಗಿಡದ್ದೇ ಅಲ್ವಾ ಅಮ್ಮ," ಎಂದ ವಿಕರಿ ಬಾಗಿಲಲ್ಲಿ ನಿಂತು. "ನಿಮ್ಮದೂ ಅದೇ, ನನ್ನದೂ ಅದೇ. ನಿಮ್ ಪಾಕ ಮೂರು ದಿನಕ್ಕೆ ಹುಳಿ ಬರ್ತಿತ್ತು. ಹಡಗಲ್ಲಿ ಕಳ್ಸೋಕಾಗುತ್ತಾ?"

"ನನ್ ಮಾತು ತಿದ್ದಿ ಹಾಕಿದ್ದೀಯ. ಡನ್ ಮಗು ಸತ್ತೋಯ್ತು."

ವಿಕರಿ ದನಿ ಏರಿಸಲಿಲ್ಲ. ಅವನು ಯಾವತ್ತೂ ಏರಿಸುತ್ತಿರಲಿಲ್ಲ. "ಮಕ್ಕಳು ಸಾಯ್ತವೆ ಅಮ್ಮ. ನಿಮ್ಮವೆರಡು ಹೋಗ್ಲಿಲ್ವಾ? ಆಗ ಶಾಂತಿ ಹನಿ ಇತ್ತಾ? ಉಸಿರಿಗೆ ಒದ್ದಾಡಿ ಒದ್ದಾಡಿ ಹೋದ್ವು ಅಂತ ನೀವೇ ಹೇಳಿದ್ರಿ. ಈ ತಾಯಂದ್ರನ್ನ ಕೇಳಿ ನೋಡಿ, ಯಾರಾದ್ರೂ ನಿಲ್ಸಿ ಅಂತಾರಾ."

ಜೆರೂಷಾ ಮತ್ತೆ ಬಾಗಿದಳು. ಪೀಪಾಯಿಯ ನಲ್ಲಿ ತಿರುಗಿಸಿ ಬಿಟ್ಟಳು. ಹಲಗೆ ನೆಲದ ಮೇಲೆ ಕಂದು ನೀರು ಹರಿದು ಅವಳ ಪಾದ ನೆನೆಯಿತು. ವಿಕರಿ ಬಂದು ಅವಳ ಕೈಯನ್ನು ಮೆಲ್ಲಗೆ ಸರಿಸಿ ನಲ್ಲಿ ಮುಚ್ಚಿದ. "ಕಾಲು ಜಾರೀತು, ಹುಷಾರು," ಎಂದ.

ಊರಲ್ಲಿ ಎಲ್ಲರಿಗೂ ಕೇಳುವಂತೆ ತಪ್ಪು ಒಪ್ಪಿಕೊಳ್ಳಲು ಒಂದೇ ದಾರಿಯಿತ್ತು. ಭಾನುವಾರ ಎಲ್ಲರೆದುರು ಎದ್ದು ನಿಲ್ಲಬೇಕು, ಬರೆದುಕೊಂಡು ಬಂದದ್ದನ್ನು ಪಾದ್ರಿ ಓದಬೇಕು. ಕುಡಿದು ಹೊಡೆದಾಡಿದವರು, ಮದುವೆಗೆ ಮುಂಚೆ ಬಸುರಾದವರು ಹಾಗೆ ನಿಲ್ಲುತ್ತಿದ್ದರು. ಜೆರೂಷಾಳಿಗೆ ಬರೆಯಲು ಬಾರದು. ಪಾದ್ರಿ ಕ್ರೇನ್ ಅವರ ಮನೆಗೇ ಹೋಗಿ ಕೂತಳು.

"ಅದರಲ್ಲಿ ಅಫೀಮಿದೆ, ಕೂಸುಗಳಿಗೆ ಕೊಡಬೇಡಿ, ಅಚ್ಚಾಗಿರೋದು ನನ್ನ ಮಾತಲ್ಲ. ಇಷ್ಟು ಬರೀರಿ ಸ್ವಾಮಿ."

ಪಾದ್ರಿ ಬರೆಯುವ ಗರಿಯನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ಅವರ ಮನೆಯಲ್ಲೂ ಒಂದು ಬಾಟಲಿಯಿತ್ತು, ಅವರ ಹೆಂಡತಿಯ ತಲೆನೋವಿಗೆ. "ಇದು ತಪ್ಪೊಪ್ಪಿಗೆ ಅಲ್ಲಮ್ಮ ಜೆರೂಷಾ, ಇನ್ನೊಬ್ಬನ ಮೇಲೆ ದೂರು. ನ್ಯಾಯಾಲಯಕ್ಕೆ ಹೋಗೋ ಮಾತು. ದೇವರ ಮುಂದೆ ನೀನು ನಿನ್ನ ಪಾಪ ಹೇಳ್ಕೊ. ಮಿಕ್ಕಿದ್ದು ಕೇಳಿದೋರಿಗೆ ಅರ್ಥವಾಗುತ್ತೆ." ಹಾಗೆಂದು ಅವರೇ ಬರೆದರು.

ಭಾನುವಾರ ಅವಳು ಎದ್ದು ನಿಂತಳು. ಪಾದ್ರಿ ಓದಿದರು: "ಜೆರೂಷಾ ಕೋಲ್ಬಿ ಎಂಬ ನಾನು, ನನ್ನ ಅಲ್ಪ ತಿಳಿವಳಿಕೆಯ ಬಗ್ಗೆ ಹೆಮ್ಮೆಪಟ್ಟು, ನನ್ನ ಹೆಸರಿನಲ್ಲಿ ಮಾರಲ್ಪಡುವ ಔಷಧದ ಬಲವು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿನದೆಂದು ಅರಿಯದೆ, ಅದನ್ನು ಲಘುವಾಗಿ ಹಂಚಿದ ಪಾಪಕ್ಕಾಗಿ ದೇವರ ಮತ್ತು ಸಭೆಯ ಕ್ಷಮೆ ಬೇಡುತ್ತೇನೆ."

ಜೆರೂಷಾ ಕಾದಳು. ಮುಂದೆ ಏನೂ ಬರಲಿಲ್ಲ. ಸಭೆ ಕೈಯೆತ್ತಿ ಕ್ಷಮಿಸಿತು. ಮಂದಿರದಲ್ಲಿ ಹೆಂಗಸರು ಬಾಯಿ ತೆರೆಯುವ ಪದ್ಧತಿಯಿಲ್ಲ. ಆದರೂ ಅವಳು ನಿಂತಲ್ಲಿಂದಲೇ, "ಕೊಡಬೇಡ್ರಮ್ಮಾ, ಕೂಸುಗಳಿಗೆ ಅದನ್ನ ಕೊಡಬೇಡಿ," ಎಂದಳು. ಒಂದಿಷ್ಟು ತಲೆಗಳು ತಿರುಗಿದವು. ಅಷ್ಟರಲ್ಲಿ ಪಾದ್ರಿ ಕೀರ್ತನೆ ಎತ್ತಿಕೊಂಡರು, ಇಡೀ ಸಭೆ ಎದ್ದು ಹಾಡತೊಡಗಿತು. ಮಡಿಲಲ್ಲಿದ್ದ ಕೂಸುಗಳು ಆ ಸದ್ದಿಗೂ ಏಳಲಿಲ್ಲ.

ಎರಡು ವಾರ ಕಳೆದ ಮೇಲೆ ಹೊಸ ಸುತ್ತುಕಾಗದ ಬಂತು. ಅದೇ ಕುಲಾವಿಯ ಮುಖ, ಕೆಳಗೆ ದಪ್ಪಕ್ಷರದಲ್ಲಿ: ಪೆನಿಕ್ ಬಂದರಿನ ಸಭೆಯೆದುರು ಜೆರೂಷಾ ಅತ್ತೆ ತಾವೇ ನಿಂತು ಒಪ್ಪಿಕೊಂಡದ್ದು: ಈ ಔಷಧದ ಬಲವು ನಾನು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿನದು. ಅಂಗಡಿಯ ಮುಂದೆ ಪಕ್ಕದೂರಿನ ಗಾಡಿಗಳೂ ನಿಲ್ಲತೊಡಗಿದವು.

ಜೆರೂಷಾ ಮನೆ ಮನೆಗೆ ಹೋಗಿ ಹೇಳಿದಳು. ಕೆಲವರು ತಲೆಯಾಡಿಸಿ ಒಳಗೆ ಹೋದರು. ಕೆಲವರು ಮುಖಕ್ಕೇ ಅಂದರು. "ನಿಮ್ಮದೆಲ್ಲ ಬೆಳೆದು ನಿಂತಿದೆ. ನಮಗೆ ಮೀನು ಒಣಗಿಸೋದಿದೆ, ನೂಲೋದಿದೆ. ನೀವು ಬಂದು ಎತ್ಕೊಂಡು ಕೂತ್ಕೋತೀರಾ?" ಒಬ್ಬಳು ಇನ್ನೂ ನೇರವಾಗಿ ಕೇಳಿದಳು. "ವಿಕರಿ ನಿಮಗೆ ಕೊಡೋ ದುಡ್ಡು ಕಡಿಮೆ ಮಾಡಿದ್ನಾ ಅತ್ತೆ?" ನೋಡುತ್ತ ನೋಡುತ್ತ ಅವಳನ್ನು ಕರೆಯುವುದು ಕಡಿಮೆಯಾಯಿತು. ಆ ಮಾಗಿಯಲ್ಲಿ ಸ್ಮಶಾನದ ಮೂಲೆಯಲ್ಲಿ ನಾಲ್ಕು ಗಿಡ್ಡ ಗುಂಡಿಗಳಾದವು. ಜ್ವರ ಎಂದರು, ಸೊರಗಿತು ಎಂದರು. ಸುಮ್ಮನೆ ನಿದ್ದೆಯಲ್ಲೇ ಹೋಯಿತು ಎಂದರು.

ಮಗಳು ಲೋಯಿಸ್ ಕೊಲ್ಲಿಯ ಆಚೆ ದಡದಲ್ಲಿದ್ದಳು. ಗಂಡ ವರ್ಷದ ಏಳು ತಿಂಗಳು ಕಡಲ ಮೇಲೆ. ಅವಳ ಹೆಣ್ಣುಕೂಸು ಮರ್ಸಿಗೆ ಆಗ ಏಳು ತಿಂಗಳು. ಕೊಲ್ಲಿಯಲ್ಲಿ ಮಂಜುಗಡ್ಡೆ ಇದ್ದಷ್ಟು ಕಾಲ ಜೆರೂಷಾ ಆಚೆ ದಾಟಿರಲಿಲ್ಲ. ಮಾರ್ಚ್ ಕೊನೆಗೆ ದಾರಿ ತೆರೆದ ದಿನವೇ ಒಬ್ಬನ ದೋಣಿ ಹತ್ತಿ ಹೋದಳು. ಮಟಮಟ ಮಧ್ಯಾಹ್ನ. ಲೋಯಿಸ್ ಅಂಗಳದಲ್ಲಿ ಮೀನು ಒಣಗಿಸುವ ಚಪ್ಪರ ಕಟ್ಟುತ್ತಿದ್ದಳು. ಅಮ್ಮನನ್ನು ಕಂಡು ಓಡಿ ಬಂದು ತಬ್ಬಿಕೊಂಡಳು.

"ಮಗು ಎಲ್ಲೇ?"

"ಮಲಗಿದೆ. ಎಬ್ಬಿಸ್ಬೇಡ."

ಮಗಳು ಆ ಎರಡನೆಯ ಮಾತನ್ನು ತುಸು ಬೇಗನೆ ಆಡಿದಳು. ಜೆರೂಷಾ ಅವಳನ್ನು ದಾಟಿ ಒಳಗೆ ಹೋದಳು. ತೊಟ್ಟಿಲ ಬಟ್ಟೆ ಸರಿಸಿದಳು. ಅದೇ ಮೇಣದ ಬಣ್ಣ, ಅದೇ ಮುದುಕರ ಕತ್ತು. ರೆಪ್ಪೆ ಎತ್ತಿ ನೋಡಬೇಕಾಗಿರಲಿಲ್ಲ, ಆದರೂ ನೋಡಿದಳು. ಬಾಟಲಿ ಹಿಟ್ಟಿನ ಡಬ್ಬಿಯ ಹಿಂದಿತ್ತು.

"ನನ್ ಮಗಳಾಗಿ ನೀನೂನಾ," ಎಂದಳು.

"ಬೇರೆಯವರು ಅಚ್ಚಾಗಿದ್ದನ್ನ ನಂಬಿದ್ರು. ನನಗೆ ಅದು ನನ್ನಮ್ಮನ ಮದ್ದು," ಎಂದಳು ಲೋಯಿಸ್. "ಚಿಕ್ಕಂದಿನಲ್ಲಿ ನನಗೂ ಕೊಟ್ಟಿದ್ದೆ ನೀನು. ಸಭೇಲಿ ನಿಂತಿದ್ದು ಕೇಳ್ದೆ. ಆಸಾ ಸತ್ತ ಸಂಕಟಕ್ಕೆ ಹೆದರಿದ್ದೀಯ ಅಂದ್ಕೊಂಡೆ. ಒಬ್ಬಳೇ ಇದ್ದೀನಮ್ಮ ಇಲ್ಲಿ. ಇದು ಅತ್ತು ಅತ್ತು ನನ್ ತಲೆ ಕೆಟ್ಟೋಗಿತ್ತು. ಒಂದಿನ ಇದನ್ನೆತ್ತಿ ಗೋಡೆಗೆ..." ಮಾತು ಅಲ್ಲೇ ನಿಲ್ಲಿಸಿದಳು. "ಆಮೇಲೆ ಹನಿ ತಂದೆ."

ಜೆರೂಷಾ ಬಯ್ಯಲಿಲ್ಲ. ಕೂಸನ್ನು ಸೆರಗಿನಂತೆ ಹೊದ್ದಿದ್ದ ಶಾಲಿನೊಳಗೆ ಸುತ್ತಿಕೊಂಡು ದೋಣಿಗೆ ನಡೆದಳು. ಲೋಯಿಸ್ ದಡದವರೆಗೂ ಹಿಂದೆ ಬಂದು ತೋಳು ಹಿಡಿದು ಜಗ್ಗಿದಳು. "ಕೊಡಮ್ಮ. ನನ್ ಮಗು ಅದು, ಕೊಡು," ಎನ್ನುತ್ತಿದ್ದಳು. ದೋಣಿಯವನು ಮುಖ ಆಚೆ ತಿರುಗಿಸಿದ. ಜೆರೂಷಾ ಕೊಡಲಿಲ್ಲ.

ಮೊದಲ ದಿನ ಅವಳು ಏನನ್ನೂ ಕೊಡದೆ ನೋಡಿದಳು. ಎರಡನೆಯ ಬೆಳಿಗ್ಗೆ ಮರ್ಸಿ ಎಚ್ಚರಾದಳು. ಎಚ್ಚರಾಗುವುದೆಂದರೆ ಅದೊಂದು ಭಯಂಕರ. ಸಣ್ಣ ಮೈಯೆಲ್ಲ ನಡುಗಿತು, ಮೇಲಿಂದ ಮೇಲೆ ಸೀನು, ಆಕಳಿಕೆ, ಹೊಟ್ಟೆ ಕಿತ್ತುಕೊಂಡು ಹೋಯಿತು. ಅಳು ಮಗುವಿನ ಅಳುವಿನಂತೆಯೇ ಇರಲಿಲ್ಲ, ಬೋನಿಗೆ ಬಿದ್ದ ಪ್ರಾಣಿಯ ಕಿರುಚಾಟದಂತಿತ್ತು. ಮಧ್ಯಾಹ್ನಕ್ಕೆ ಕೈಕಾಲು ಸೆಟೆದು ತುಟಿ ನೀಲಿಗಟ್ಟಿತು. ಜೆರೂಷಾಳಿಗೆ ಓಬೆಡ್‌ನ ತುಟಿ ಕಣ್ಣ ಮುಂದೆ ಬಂತು. ಇದನ್ನು ಹೀಗೇ ಬಿಟ್ಟರೆ ಕೂಸು ಸಂಜೆ ಕಾಣುವುದಿಲ್ಲವೆಂದು ಅವಳಿಗೆ ಖಾತ್ರಿಯಾಯಿತು.

ಉಳಿದದ್ದು ಒಂದೇ ದಾರಿ. ಅಟ್ಟದ ತೊಲೆಗೆ ಕಟ್ಟಿದ್ದ ಗಸಗಸೆ ಕಾಯಿಗಳ ಗೊಂಚಲಿನಿಂದ ಒಂದನ್ನು ಮುರಿದು ತಂದಳು. ಚಮಚ ಎತ್ತುವಷ್ಟರಲ್ಲಿ ಅವಳ ಕೈ ಮೂರು ಸಲ ಹಿಂದೆ ಬಂತಂತೆ. ಊರಿಗೆಲ್ಲ ಕೊಡಬೇಡಿ ಎಂದು ಬಾಗಿಲು ಬಡಿದವಳು ತಾನೇ ತನ್ನ ಮೊಮ್ಮಗಳ ಬಾಯಿಗೆ ಹಿಡಿದಳು, ತೆಳ್ಳಗೆ ಕುದಿಸಿದ ಕಾಯಿನೀರು, ಕಾಲು ಚಮಚ. ಒಂದು ಗಳಿಗೆಯಲ್ಲಿ ಮೈ ಸಡಿಲವಾಯಿತು, ತುಟಿಗೆ ಬಣ್ಣ ಬಂತು. ಮರುದಿನ ಅದಕ್ಕಿಂತ ಒಂದು ತೊಟ್ಟು ಕಡಿಮೆ. ಅದರ ಮರುದಿನ ಇನ್ನೊಂದು ತೊಟ್ಟು. ಕೊಟ್ಟ ಒಂದೊಂದು ತೊಟ್ಟಿಗೂ ಎದುರಾಗಿ ಆಡಿನ ಹಾಲನ್ನು ಬಟ್ಟೆಯಲ್ಲಿ ಅದ್ದಿ ಅದ್ದಿ ಚೀಪಿಸಿದಳು. ಇಪ್ಪತ್ತಮೂರು ದಿನ ಆ ಮನೆಯಿಂದ ಅಳು ಕೇಳುತ್ತಲೇ ಇತ್ತು. ದಾರಿಯಲ್ಲಿ ಹೋಗುವವರು ನಿಂತು ಕೇಳಿಸಿಕೊಂಡು, ಅತ್ತೆಗೆ ಬುದ್ಧಿ ಕೆಟ್ಟಿದೆ, ಮಗುವನ್ನು ಕೊಲ್ಲುತ್ತಿದ್ದಾಳೆ ಎಂದು ಮಾತಾಡಿಕೊಂಡರು. ಇಬ್ಬರು ಊರಿನ ಹಿರಿಯರು ಬಾಗಿಲಿಗೆ ಬಂದು ವಿಚಾರಿಸಿದರು. ಅವಳು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡೇ, "ಅಳ್ತಿದೆಯಲ್ಲ, ಇನ್ನೇನು ಬೇಕು ನಿಮಗೆ," ಎಂದು ಬಾಗಿಲು ಹಾಕಿಕೊಂಡಳು.

ಮರ್ಸಿ ಬದುಕಿದಳು. ನಡೆಯಲು ಎರಡೂವರೆ ವರ್ಷ ಹಿಡಿಯಿತು, ಮಾತು ಇನ್ನೂ ತಡ. ಲೋಯಿಸ್ ಇಪ್ಪತ್ತನಾಲ್ಕನೆಯ ದಿನ ಬಂದು ಮಗುವನ್ನು ಎತ್ತಿಕೊಂಡಳು, ತಾಯಿಯ ಮುಖ ನೋಡದೆ ಹೋದಳು. ಒಂದು ವರ್ಷ ಈ ದಡಕ್ಕೆ ಬರಲಿಲ್ಲ. ಆಮೇಲೊಂದು ದಿನ ಒಂದು ಬುಟ್ಟಿ ಮೊಟ್ಟೆ ಹಿಡಿದು ಬಂದಳು. ಬಾಟಲಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ವಿಕರಿ ದೊಡ್ಡ ಊರಿಗೆ ಹೋಗಿಯಾಗಿತ್ತು. ಅವನು ಹೋದ ದಿನ ಜೆರೂಷಾ ದಿಬ್ಬದ ಮೇಲೆ ನಿಂತು ನೋಡಿದಳು. ಹುಲ್ಲಿನ ನಡುವೆ ಬಾಟಲಿ ಜೋಡಿಸಿದ ಪೆಟ್ಟಿಗೆಗಳು ಒಂದರ ಮೇಲೊಂದು ಹಡಗಿಗೆ ಏರಿದವು, ಎಷ್ಟೋ ಪೆಟ್ಟಿಗೆಗಳು. ಹಡಗು ದಕ್ಷಿಣಕ್ಕೆ ತಿರುಗಿತು. ಅಲ್ಲಿನ ಬಂದರುಗಳ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹಿತ್ತಲಿನ ಗಸಗಸೆ ಗಿಡಗಳನ್ನೆಲ್ಲ ಬೇರುಸಹಿತ ಕಿತ್ತಳು. ಒಂದು ಪಾತಿ ಮಾತ್ರ ಉಳಿಸಿದಳು. ಮರ್ಸಿಯಂಥ ಕೂಸು ಇನ್ನೊಂದು ಬಂದರೆ ಬೇಕಾಗುತ್ತದೆಂದು ಅವಳ ಲೆಕ್ಕ.

ಆ ಲೆಕ್ಕ ಸುಳ್ಳಾಗಲಿಲ್ಲ. ಅರವತ್ತೊಂದರ ಜೂನ್ ತಿಂಗಳಲ್ಲಿ, ಜೆರೂಷಾಳ ಮಂಡಿ ಹಿಡಿದುಕೊಂಡು ಕೋಲು ಬಂದಿದ್ದ ಕಾಲಕ್ಕೆ, ಒಬ್ಬ ಅಪರಿಚಿತ ಹೆಂಗಸು ಬಾಗಿಲಿಗೆ ಬಂದಳು. ಚಿಕ್ಕ ಪ್ರಾಯ, ಬೂಟಿನ ಮೇಲೆಲ್ಲ ಉಪ್ಪಿನ ಕಲೆ. ಮೂರು ದಿನ ಹಡಗಿನಲ್ಲಿ ಬಂದೆ ಎಂದಳು. ತೋಳಲ್ಲಿ ಬಟ್ಟೆ ಸುತ್ತಿದ ಗಂಟು.

"ಜೆರೂಷಾ ಅತ್ತೆ ಅಂದ್ರೆ ನೀವೇನಾ? ಚಿತ್ರದಲ್ಲಿ ಬೇರೆ ಥರ ಇದ್ದೀರಿ. ನಮ್ಮೂರಲ್ಲಿ ಎಲ್ಲರ ಮನೇಲೂ ನಿಮ್ಮ ಹನಿ ಇದೆ. ಬದುಕಿದ್ದೀರಿ ಅಂತ ಹಡಗಿನವನೊಬ್ಬ ಹೇಳಿದ. ಕೈಮುಗಿದು ಹೋಗೋಣ ಅಂತ ಬಂದೆ. ನೋಡಿ, ಇಷ್ಟು ದೂರ ಬಂದಿದೀವಿ, ಒಂದ್ಸಲನಾದ್ರೂ ಅತ್ತಿದ್ರೆ ಕೇಳಿ."

"ಎಷ್ಟು ತಿಂಗಳು?"

"ನಾಲ್ಕು."

ಜೆರೂಷಾ ಗಂಟಿನ ಬಟ್ಟೆ ಸರಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿ ಕೂಸನ್ನು ತೆಗೆದುಕೊಂಡಳು.

"ಹಡಗು ಯಾವತ್ತು ವಾಪಸ್ಸು?"

"ನಾಳೆ ಬೆಳಿಗ್ಗೆ ಅತ್ತೆ."

"ಆ ಹಡಗು ನಿನಗೆ ಸಿಗಲ್ಲ ಮಗಳೇ. ಮುಂದಿನ ತಿಂಗಳದ್ದಕ್ಕೆ ಹೋಗುವೆಯಂತೆ. ನೀನು ನನ್ನನ್ನ ಬಯ್ಯೋದು ತುಂಬಾ ಇದೆ, ಮೊದಲು ಏನಾದ್ರೂ ತಿನ್ನು," ಎಂದು ಹೇಳಿ ಒಲೆಗೆ ಸೌದೆ ತಳ್ಳಿದಳು.